ಹಗ್ಗ ಹಿಡಿಯುವವರು: ರಾತ್ರಿ ತಿರುಗಾಟದಲ್ಲಿ ಗೆಳೆಯನನ್ನು ಹೊಡೆದಾಟದಿಂದ ಪಾರು ಮಾಡುವುದು ಹೇಗೆ?

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಹೊರಡುತ್ತದೆ. ಬೆನ್ನಿಗೆ ನವಿಲುಗರಿಯ ಕಟ್ಟು, ಮುಖಕ್ಕೆ ಕೆಂಪು ಬಣ್ಣ, ಕೈಯಲ್ಲಿ ಕತ್ತಿ, ಗುರಾಣಿ. ಹಲಗೆ ವಾದ್ಯದ ಬಡಿತಕ್ಕೆ ಕುಣಿಯುತ್ತ ಆತ ಜನರ ಮೇಲೇ ನುಗ್ಗಿ ಬರುತ್ತಾನೆ, ಮಕ್ಕಳು ಕೂಗಿಕೊಂಡು ಓಡುತ್ತವೆ. ಎಲ್ಲರ ಕಣ್ಣೂ ಅವನ ಮೇಲೆ. ಅವನಿಗೆ ಕಟ್ಟಿದ ಹಗ್ಗ ಹಿಡಿದು ಹಿಂದೆ ಇಬ್ಬರು ಓಡುತ್ತಿರುತ್ತಾರಲ್ಲ, ಅವರನ್ನು ಯಾರೂ ನೋಡುವುದಿಲ್ಲ. ಒಂದು ವರ್ಷ ನಮ್ಮ ಓಣಿಯ ವೇಷಕ್ಕೆ ನಾನೂ ಆ ಹಗ್ಗ ಹಿಡಿದಿದ್ದೆ. ಕಲಿಸಿದ ಹಿರಿಯರು ಹೇಳಿದ್ದು ಎರಡೇ ಮಾತು. ಹಗ್ಗ ಯಾವಾಗಲೂ ಬಿಗಿ ಇರಬಾರದು, ಅವನಿಗೆ ಕುಣಿಯಲು ಬಿಡಬೇಕು. ಕತ್ತಿ ನೋಡಬೇಡ, ಅವನ ಹೆಜ್ಜೆ ನೋಡು. ನುಗ್ಗುವುದು ಮೊದಲು ಕಾಲಲ್ಲಿ ಗೊತ್ತಾಗುತ್ತದೆ.

ಕೆಲವೇ ತಿಂಗಳಲ್ಲಿ, ಅಂಕೋಲಾ ದಾಟಿ ಹೆದ್ದಾರಿ ಬದಿಯ ಒಂದು ಡಾಬಾದಲ್ಲಿ, ಆ ಎರಡೂ ಮಾತು ಮರೆತೆ. ಪಕ್ಕದ ಟೇಬಲ್ಲಿನ ಹುಡುಗನೊಬ್ಬ ನಮ್ಮವನ ಕುರ್ಚಿ ಎಳೆದುಕೊಂಡ, ಇವನು ಎದ್ದ. ನಾನು ಹಾರಿ ಬಂದು ನಮ್ಮವನ ಎರಡೂ ರಟ್ಟೆ ಹಿಂದಿನಿಂದ ಬಿಗಿಯಾಗಿ ಹಿಡಿದು "ಸಮಾಧಾನ, ಸಮಾಧಾನ" ಎಂದು ಕಿರುಚಿದೆ. ಎದುರಿನವನ ಗುದ್ದು ಬಂದಾಗ ಮುಖಕ್ಕೆ ಅಡ್ಡ ಹಿಡಿಯಲು ಇವನಿಗೆ ಕೈಯೇ ಇರಲಿಲ್ಲ. ಮುಂದಿನ ಹಲ್ಲಿನ ಅರ್ಧ ಮುರಿದು ಬಂಗಡೆ ಫ್ರೈ ತಟ್ಟೆಯಲ್ಲಿ ಬಿತ್ತು. "ಹೊಡೆದವನ ಮೇಲೆ ಸಿಟ್ಟಿಲ್ಲ ಮಾರಾಯ, ಹಿಡಿದವನ ಮೇಲಿದೆ" ಎಂದು ಅವನು ಇವತ್ತಿಗೂ ಹೇಳುತ್ತಾನೆ. ಅದಾದ ಮೇಲೆ ನಮ್ಮ ಗುಂಪು ಕಲಿತದ್ದು, ನಾನು ಓದಿ ತಿಳಿದದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

1. ಹೊರಡುವ ಮೊದಲು

ಹೆಚ್ಚಿನ ಕೆಲಸ ಸಂಜೆ ಆರಕ್ಕೇ ಮುಗಿದಿರಬೇಕು. ರಾತ್ರಿ ಹನ್ನೊಂದಕ್ಕೆ ಯಾರ ತಲೆಯೂ ಯೋಜನೆ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಇವತ್ತು ಕುಡಿಯದೇ ಇರುವವನು ಯಾರು ಎಂದು ಮೊದಲು ಗೊತ್ತು ಮಾಡಿ. ಯಾವಾಗಲೂ ಕುಡಿಯದ ಆ ಒಬ್ಬ ಬಡಪಾಯಿಯ ತಲೆಗೇ ಕಟ್ಟಬೇಡಿ, ಪಾಳಿ ಮಾಡಿ. ಎಲ್ಲ ಗಾಡಿಗಳ ಕೀ ಅವನ ಕಿಸೆಯಲ್ಲಿರಬೇಕು, ಬರೀ ಅವನ ಗಾಡಿಯದಲ್ಲ. ವಾಪಸ್ ಹೇಗೆ ಬರುವುದು ಎಂಬುದೂ ಆಗಲೇ ತೀರ್ಮಾನವಾಗಲಿ. ನಮ್ಮ ಕಡೆ ರಾತ್ರಿಯಾದರೆ ಹಳ್ಳಿ ಬಸ್ಸು ಇಲ್ಲ, ಆಟೋ ಹುಡುಕಬೇಕು. ಬಾರ್ ಬಾಗಿಲು ಹಾಕಿದ ಮೇಲೆ ಗಾಡಿಯಿಲ್ಲದೆ ರಸ್ತೆ ಬದಿ ನಿಂತ ಆ ಅರ್ಧ ತಾಸಿದೆಯಲ್ಲ, ಜಗಳಗಳು ಹುಟ್ಟುವುದೇ ಆಗ.

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೊರಡಿ. ಅನ್ನ ಸಾರು ಆದರೂ ಸರಿ.

ಗುಂಪಿನಲ್ಲಿ ಯಾರಿಗೆ ಯಾರ ಮೇಲೆ ಹಳೆಯ ಸಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ಕಳೆದ ವಾರ ಹೊನಲು ಬೆಳಕಿನ ಕಬಡ್ಡಿಯಲ್ಲಿ ಪಾಯಿಂಟಿಗಾಗಿ ಕೂಗಾಡಿದವರು ಇವತ್ತು ಅದೇ ಜಾಗಕ್ಕೆ ಬರುವವರಿದ್ದರೆ ಜಾಗ ಬದಲಿಸಿ. ಇದರಲ್ಲಿ ಹೇಡಿತನವೇನೂ ಇಲ್ಲ. ಬೀಚಿಗೇನು ನಮ್ಮ ಜಿಲ್ಲೆಯಲ್ಲಿ ಬರವೇ?

ಇನ್ನೊಂದು, ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು: ಒಂದು ಗುಟ್ಟಿನ ಮಾತು. ನಮ್ಮದು "ಗಾಡಿ ಕೀ ಎಲ್ಲಿ?" ಯಾರೇ ಹೇಳಲಿ, ಎಲ್ಲರೂ ಎದ್ದು ಹೊರಡಬೇಕು. ಗಾಡಿ ಹತ್ತಿರ ಮುಟ್ಟುವ ತನಕ ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಗ್ಲಾಸಿನಲ್ಲಿ ಉಳಿದದ್ದು ಉಳಿಯಲಿ. ಎದುರಿನವರಿಗೆ ಅದು ಸಾದಾ ಮಾತು, ಯಾರ ಮರ್ಯಾದೆಯೂ ಹೋಗುವುದಿಲ್ಲ. ಒಮ್ಮೆ ಕಾರವಾರದ ಟಾಗೋರ್ ಬೀಚ್ ಬಳಿ ಐಸ್‌ಕ್ರೀಮ್ ತಿನ್ನುತ್ತಿದ್ದಾಗ ಒಬ್ಬ ಇದನ್ನು ಹೇಳಿದ. ಎಲ್ಲರೂ ಎದ್ದು ನಡೆದೆವು. ಕೊನೆಗೆ ನೋಡಿದರೆ ಅವನಿಗೆ ನಿಜಕ್ಕೂ ಕೀ ಕಳೆದುಹೋಗಿತ್ತು. ಇರಲಿ, ನಿಯಮ ನಿಯಮವೇ.

2. ಗ್ಲಾಸಿನ ಲೆಕ್ಕ

"ಅವನು ಬರೀ ಎರಡು ಬಿಯರ್ ಕುಡಿದದ್ದು" ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ಪೆಗ್ಗಿಗೆ ಸುಮಾರು 10 ಗ್ರಾಂ ಆಯಿತು. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಶೇ. 8ರದ್ದಾದರೆ ಒಂದೇ ಬಾಟಲಿಯಲ್ಲಿ 40 ಗ್ರಾಂ, ಅಂದರೆ ನಾಲ್ಕು ಪೆಗ್. "ಬರೀ ಎರಡು ಬಿಯರ್" ಎಂದರೆ ಎಂಟು ಪೆಗ್! ಯಕೃತ್ತು ತಾಸಿಗೆ ಕರಗಿಸುವುದು ಹೆಚ್ಚುಕಡಿಮೆ ಒಂದು ಪೆಗ್ಗಿನಷ್ಟು. ಲಿಂಬು ಸೋಡಾ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ.

ಕಾರವಾರದ ಕಡೆಯವರಿಗೆ ಉರಾಕ್ ವಿಷಯ ಬೇರೆ ಹೇಳಬೇಕಿಲ್ಲ. ಗೇರುಹಣ್ಣಿನಿಂದ ಇಳಿಸುವ ಈ ಮದ್ಯ ಹಣ್ಣಿನ ಕಾಲದಲ್ಲಿ ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋದರೆ ಸಿಗುತ್ತದೆ. ಫೆಣಿಗಿಂತ ಸೌಮ್ಯ, ಸೋಡಾ ಹಾಕಿದರೆ ಶರಬತ್ತಿನ ಹಾಗೆ ಇಳಿಯುತ್ತದೆ. ಹಾಗಾಗಿ ಎಷ್ಟಾಯಿತೆಂದು ಕುಡಿದವನಿಗೇ ತಿಳಿಯುವುದಿಲ್ಲ, ಎದ್ದು ನಿಂತಾಗ ತಿಳಿಯುತ್ತದೆ. ಪರವಾನಗಿ ಇಲ್ಲದೆ ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಈಚೆ ಬರುವುದು ಅಬಕಾರಿ ಅಪರಾಧ. ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದು ಸಿಬ್ಬಂದಿಯ ಜೊತೆ ವಾದಕ್ಕಿಳಿಯುವುದು ಇನ್ನೊಂದು ಜಗಳದ ಬೀಜ.

ಕುಡಿದವರೆಲ್ಲ ಹೊಡೆದಾಡುವುದಿಲ್ಲ, ಸರಿ. ಆದರೆ ಕುಡಿದ ತಲೆಗೆ ಹತ್ತಿರದ್ದು, ಈಗಿನದ್ದು ಮಾತ್ರ ಕಾಣುತ್ತದೆ. ನಾಳೆ, ಮನೆ, ನೌಕರಿ, ಪೊಲೀಸ್ ಸ್ಟೇಷನ್ ಎಲ್ಲ ಮಸುಕು. 1990ರಲ್ಲಿ ಕ್ಲಾಡ್ ಸ್ಟೀಲ್, ರಾಬರ್ಟ್ ಜೋಸೆಫ್ಸ್ ಎಂಬ ಮನೋವಿಜ್ಞಾನಿಗಳು ಇದನ್ನು 'ಆಲ್ಕೋಹಾಲ್ ಮಯೋಪಿಯಾ', ಅಂದರೆ ಮದ್ಯದ ಸಮೀಪದೃಷ್ಟಿ, ಎಂದು ವಿವರಿಸಿದರು. ನಮಗೆ ಇದರಿಂದ ಉಪಯೋಗವಾಗುವ ಮಾತೊಂದಿದೆ: ಅವನಿಗೆ ಕಾಣುವುದು ಕಣ್ಣೆದುರಿನ ಒಂದೇ ವಸ್ತು ಎಂದಾದರೆ, ಆ ವಸ್ತುವನ್ನು ಬದಲಿಸಿಬಿಡಿ. ಅದರ ಉಪಾಯ ಮುಂದೆ ಇದೆ.

3. ಹೆಜ್ಜೆ ನೋಡುವುದು

ಯಾವ ಹೊಡೆದಾಟವೂ ಗುದ್ದಿನಿಂದ ಶುರುವಾಗುವುದಿಲ್ಲ. "ಎಂತ ನೋಡ್ತ್ಯೋ?" ಎಂಬಲ್ಲಿಂದಲೂ ಅಲ್ಲ, ಅದಕ್ಕೂ ಮೊದಲೇ ಶುರುವಾಗಿರುತ್ತದೆ. ನಮ್ಮವರಲ್ಲಿ ನಾನು ನೋಡಿ ತಿಳಿದ ಗುರುತುಗಳು ಇವು. ಒಂದೇ ವಾಕ್ಯವನ್ನು ಮೂರು ಸಲ ಹೇಳುವುದು. ಹರಟುತ್ತಿದ್ದವನು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸುವುದು. ಕೂಗಾಡುವವನಿಗಿಂತ ಇವನಿಗೆ ಹೆಚ್ಚು ಹೆದರಬೇಕು. ನಿಮ್ಮ ಜೊತೆ ಮಾತಾಡುತ್ತಲೇ ನಿಮ್ಮ ಭುಜದ ಮೇಲಿಂದ ಆಚೆ ಯಾರನ್ನೋ ನೋಡುತ್ತಿರುವುದು. ಲುಂಗಿ ಎತ್ತಿ ಕಟ್ಟುವುದು. ಕನ್ನಡಕ ತೆಗೆದು ಕಿಸೆಗೆ ಹಾಕುವುದು. ಎಲ್ಲಕ್ಕಿಂತ ಕೊನೆಯದು, "ಇದನ್ನ ಹಿಡ್ಕೋ" ಎಂದು ಮೊಬೈಲನ್ನೋ ವಾಚನ್ನೋ ನಿಮ್ಮ ಕೈಗೆ ಕೊಡುವುದು. ಆಗ ನಿಮಗೆ ಉಳಿದಿರುವುದು ಹತ್ತು ಸೆಕೆಂಡು.

ಜಾಗಕ್ಕೂ ಅದರದೇ ಗುರುತುಗಳಿವೆ. ವೈನ್ ಶಾಪ್ ಶಟರ್ ಇಳಿಸುವ ಹೊತ್ತಿನ ನೂಕುನುಗ್ಗಲು. ಜಾತ್ರೆಯಲ್ಲಿ ತೊಟ್ಟಿಲಿನ ಟಿಕೆಟ್ ಸಾಲು. ಮದುವೆ ಮನೆಯ ಡಿಜೆ ಎದುರು ಒಬ್ಬರ ಕಾಲು ಒಬ್ಬರು ತುಳಿಯುವ ಚೌಕ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತ ದಿನಗಳಲ್ಲಿ ರಾತ್ರಿಯಿಡೀ ಪೇಟೆ ತುಂಬಿರುತ್ತದೆ. ಅಲ್ಲಿ ಹೆಗಲಿಗೆ ಹೆಗಲು ತಾಗುವುದನ್ನೇ ಅವಮಾನ ಎಂದುಕೊಳ್ಳುವವನನ್ನು ಹತ್ತಿರದ ಗೂಡಂಗಡಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸುವುದೇ ಒಳ್ಳೆಯದು. ಬೆಳತನಕದ ಯಕ್ಷಗಾನ ಬಯಲಾಟಕ್ಕೆ ಹೋದಾಗಲೂ ಅಷ್ಟೆ. ರಂಗಸ್ಥಳದ ಎದುರು ಕೂತವರಿಂದ ತೊಂದರೆಯಿಲ್ಲ, ಆಟ ನೋಡದೆ ಗದ್ದೆಯಂಚಿನ ಕತ್ತಲಲ್ಲಿ ಬಾಟಲಿ ಹಿಡಿದು ನಿಂತವರ ಹತ್ತಿರ ನಿಮ್ಮವನು ಹೋಗದ ಹಾಗೆ ನೋಡಿಕೊಂಡರೆ ಸಾಕು.

4. ಅವನು ಎದ್ದು ನಿಂತ ಮೇಲೆ

ಮೊದಲು ಬೇಡದ್ದು ಹೇಳಿಬಿಡುತ್ತೇನೆ. ಹಿಂದಿನಿಂದ ರಟ್ಟೆ ಹಿಡಿಯಬೇಡಿ, ಹಲ್ಲಿನ ಕತೆ ನೆನಪಿರಲಿ. "ಸಮಾಧಾನ ಮಾಡ್ಕೋ", "ನಿಂಗೆ ಜಾಸ್ತಿ ಆಗಿದೆ" ಎನ್ನಬೇಡಿ. ಜಾಸ್ತಿ ಆಗಿಲ್ಲ ಎಂದು ತೋರಿಸಲು ಅವನಿಗೆ ಗೊತ್ತಿರುವ ದಾರಿ ಒಂದೇ. ಎದುರಿನವನು ಸರಿಯೋ ಇವನು ಸರಿಯೋ ಎಂಬ ನ್ಯಾಯ ಪಂಚಾಯ್ತಿಗೆ ಕೂರಬೇಡಿ. ಮೊಬೈಲ್ ತೆಗೆದು ವಿಡಿಯೋ ಮಾಡಬೇಡಿ. ಕ್ಯಾಮೆರಾ ಬಂದರೆ ಹಿಂದೆ ಸರಿಯುವುದು ಇಬ್ಬರಿಗೂ ಕಷ್ಟ.

ಮಾಡಬೇಕಾದ್ದು: ಅವನ ಮತ್ತು ಎದುರಿನವನ ನಡುವಿನ ನೋಟ ಕಡಿಯುವುದು. ಅವನ ಎದುರಿಗೆ, ಆದರೆ ಎದೆಗೆದೆ ಕೊಟ್ಟು ಅಲ್ಲ, ಸ್ವಲ್ಪ ಓರೆಯಾಗಿ ನಿಲ್ಲಿ. ಕೈ ಎದೆಯೆತ್ತರದಲ್ಲಿ, ಅಂಗೈ ತೆರೆದು. ಅವನ ಹೆಸರು ಹಿಡಿದು ಕರೆಯಿರಿ, ಮನೆಯಲ್ಲಿ ಕರೆಯುವ ಹೆಸರಿದ್ದರೆ ಇನ್ನೂ ಒಳ್ಳೆಯದು. ದನಿ ಅವನದಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ. ಮೂರು ನಾಲ್ಕು ಶಬ್ದದ ಮಾತು, ಅದನ್ನೇ ಮತ್ತೆ ಮತ್ತೆ: "ಬಾರೋ, ನನ್ ಕೂಡೆ ಬಾ." ದೊಡ್ಡ ಉಪದೇಶ ಆ ಹೊತ್ತಿಗೆ ಕಿವಿಗೆ ಇಳಿಯುವುದಿಲ್ಲ.

ಈಗ ಆ ಉಪಾಯ. ಅವನ ಕಣ್ಣೆದುರಿನ ವಸ್ತು ಬದಲಿಸಬೇಕಲ್ಲ? ನೀವೇ ಆ ವಸ್ತುವಾಗಿ. "ನಂಗೆ ತಲೆ ತಿರುಗ್ತಾ ಉಂಟು, ಹಿಡ್ಕೋ ಮಾರಾಯ, ವಾಂತಿ ಬರ್ತದೆ." ಹೊಡೆಯಲು ಎದ್ದವನು ಗೆಳೆಯನನ್ನು ಹಿಡಿದುಕೊಂಡು ಹೊರಗೆ ಹೋಗುವುದನ್ನು ನಾನು ನಾಲ್ಕಾರು ಸಲ ನೋಡಿದ್ದೇನೆ. ಅವನು ಸೋತು ಹೋದದ್ದಲ್ಲ, ಗೆಳೆಯನಿಗಾಗಿ ಹೋದದ್ದು. ಹಿಂದೆ ಸರಿಯಲು ಗಂಡಸಿಗೆ ಒಂದು ನೆವ ಬೇಕು. ನೆವ ಕೊಡುವುದು ನಿಮ್ಮ ಕೆಲಸ. "ಅಮ್ಮ ಫೋನ್ ಮಾಡಿದ್ರು" ಎಂಬುದು ನಡೆಯುತ್ತದೆ. "ನಿನ್ನ ಬೈಕ್ ಯಾರೋ ಬೀಳಿಸಿದ್ರು" ಎಂದು ಮಾತ್ರ ಹೇಳಬೇಡಿ. ನಮ್ಮಲ್ಲೊಬ್ಬ ಹೇಳಿ ನೋಡಿದ್ದ, ಒಂದು ಜಗಳ ಎರಡಾಯಿತು.

5. ಆಚೆ ಕಡೆಯ ಹಗ್ಗ

ಬೇಡರ ವೇಷಕ್ಕೆ ಇಬ್ಬರು ಹಗ್ಗ ಹಿಡಿಯುತ್ತಾರೆ. ಇಲ್ಲೂ ಇಬ್ಬರೇ ಬೇಕು. ಒಬ್ಬ ನಮ್ಮವನ ಹತ್ತಿರ, ಇನ್ನೊಬ್ಬ ಆಚೆ ಗುಂಪಿನ ಹತ್ತಿರ. ನಾಲ್ಕೈದು ಜನ ಒಟ್ಟಿಗೆ ನುಗ್ಗಿದರೆ ಬಿಡಿಸಲು ಬಂದವರೋ ಬಡಿಯಲು ಬಂದವರೋ ಎಂದು ಎದುರಿನವರಿಗೆ ಹೇಗೆ ತಿಳಿಯಬೇಕು?

ಆ ಗುಂಪಿನಲ್ಲೂ ಒಬ್ಬ ಹಗ್ಗ ಹಿಡಿಯುವವನು ಇದ್ದೇ ಇರುತ್ತಾನೆ. ಮುಖದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿರುವವನು. ಅವನನ್ನು ಹುಡುಕಿ ಅವನ ಜೊತೆ ಮಾತ್ರ ಮಾತಾಡಿ: "ಅಣ್ಣಾ, ನಿಮ್ಮವ್ರನ್ನ ನೀವು ಕರ್ಕೊಳ್ಳಿ, ನಮ್ಮವ್ನನ್ನ ನಾ ಕರ್ಕೊಂಡು ಹೋಗ್ತೆ." ತಪ್ಪು ಯಾರದ್ದೇ ಇರಲಿ, ಒಂದು "ಸಾರಿ" ಹೇಳಿಬಿಡಿ. ಚೆಲ್ಲಿದ ಬಿಯರಿನ ದುಡ್ಡು ಕೊಡಿ. ಆಸ್ಪತ್ರೆ ಬಿಲ್ಲಿಗಿಂತ ಅಗ್ಗ.

"ಮಧ್ಯೆ ಹೋಗುವವರು ಯಾರೂ ಇಲ್ಲ ಈಗಿನ ಕಾಲದಲ್ಲಿ" ಎನ್ನುವುದನ್ನು ಕೇಳಿದ್ದೇನೆ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ಸಂಶೋಧಕರು ಕೂತು ನೋಡಿದಾಗ ಹತ್ತರಲ್ಲಿ ಒಂಬತ್ತರಲ್ಲಿ ಒಬ್ಬರಾದರೂ ಬಿಡಿಸಲು ಮುಂದೆ ಬಂದಿದ್ದರು. ಪರ ಊರಿನಲ್ಲೂ ಹೀಗಿರುವಾಗ, ಹೆಸರು ಹೇಳಿದರೆ ಯಾರ ಮನೆಯ ಹುಡುಗ ಎಂದು ಗೊತ್ತಾಗುವ ನಮ್ಮ ಊರುಗಳಲ್ಲಿ ಜನ ಬರದೇ ಇರುತ್ತಾರೆಯೇ? ಹೋಟೆಲ್ ಮಾಲೀಕರನ್ನು, ಸಪ್ಲೈಯರನ್ನು, ಪಕ್ಕದ ಟೇಬಲ್ಲಿನ ಹಿರಿಯರನ್ನು ಹೆಸರು ಹಿಡಿದೋ ಬೊಟ್ಟು ಮಾಡಿಯೋ ಕರೆಯಿರಿ: "ಯಜಮಾನ್ರೇ, ಸ್ವಲ್ಪ ಬನ್ನಿ." ಯಾರಾದರೂ ಬನ್ನಿ ಎಂದರೆ ಯಾರೂ ಬರುವುದಿಲ್ಲ.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಫೋನ್ ಮಾಡಿ "ಹುಡುಗ್ರನ್ನ ಕರ್ಕೊಂಡು ಬಾ" ಎನ್ನುವುದು. ಎರಡು ಜನರ ತಳ್ಳಾಟ ಊರ ಜಗಳವಾಗುವುದು ಈ ಒಂದು ಫೋನಿನಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 189ನೇ ಸೆಕ್ಷನ್ ಪ್ರಕಾರ, ಹೊಡೆಯುವ ಉದ್ದೇಶಕ್ಕೆ ಐದು ಜನ ಸೇರಿದರೆ ಅದು ಅಕ್ರಮ ಕೂಟ. 190ನೇ ಸೆಕ್ಷನ್ ಪ್ರಕಾರ ಆ ಉದ್ದೇಶದಿಂದ ಒಬ್ಬ ಹೊಡೆದರೂ ಕೂಟದಲ್ಲಿದ್ದ ಎಲ್ಲರ ಮೇಲೂ ಅದೇ ಆರೋಪ. ಹಲ್ಲು ಮುರಿದರೆ 'ಗುದ್ದಿದ್ದು' ಅಷ್ಟೇ ಅಲ್ಲ. ಮೂಳೆ ಅಥವಾ ಹಲ್ಲು ಮುರಿಯುವುದು ಕಾನೂನಿನಲ್ಲಿ ತೀವ್ರ ಗಾಯ, 7 ವರ್ಷದವರೆಗೆ ಜೈಲು. ಬರೀ ಕಾರು ಓಡಿಸಿಕೊಂಡು ಬಂದ ಐದನೆಯವನಿಗೆ ಇದು ಗೊತ್ತಿರುವುದಿಲ್ಲ. ಗುಂಪಿನಲ್ಲಿ ಪಾಸ್‌ಪೋರ್ಟಿಗೋ ಸರ್ಕಾರಿ ನೌಕರಿಗೋ ಅರ್ಜಿ ಹಾಕಿದವರಿದ್ದರೆ ಈ ಪ್ಯಾರಾ ಅವರಿಗೆ ಎರಡು ಸಲ ಓದಿ ಹೇಳಿ.

6. ಜೊತೆಗೆ ಹುಡುಗಿಯರಿದ್ದಾಗ

ಯಾರೋ ಜೊತೆಗಿದ್ದ ಗೆಳತಿಗೆ ಏನೋ ಅಂದರು. ಹುಡುಗರು ಮಾಡುವ ತಪ್ಪೆಂದರೆ, ಅಂದವನ ಕಡೆ ನುಗ್ಗುವುದು. ಅವಳನ್ನು ಅಲ್ಲೇ ಬಿಟ್ಟು. ಮೊದಲು ಅವಳ ಪಕ್ಕ ಹೋಗಿ ನಿಂತು ಕೇಳಿ: "ಹೋಗ್ವನಾ? ಪೊಲೀಸಿಗೆ ಫೋನ್ ಮಾಡ್ವನಾ?" ಅವಳು ಹೇಳಿದ ಹಾಗೆ. 112ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತದೆ. ಅಂದವನು ನಮ್ಮ ಗುಂಪಿನವನೇ ಆಗಿದ್ದರೆ? ಆಗ ಹಗ್ಗ ಎಳೆಯಲು ಜಗಳದ ತನಕ ಕಾಯುವುದೇ ತಪ್ಪು. ಮೊದಲ ಕಾಮೆಂಟಿಗೇ ಎಬ್ಬಿಸಿಕೊಂಡು ಹೊರಡಿ.

ಕರಾವಳಿಯಲ್ಲಿ ಇನ್ನೊಂದು ಪೀಡೆ ಇದೆ. ಹುಡುಗ ಹುಡುಗಿಯರು ಒಟ್ಟಿಗೆ ಬೀಚಿನಲ್ಲಿ ಕೂತರೆ ಹೆಸರೇನು, ಜಾತಿ ಏನು ಎಂದು ಕೇಳಿಕೊಂಡು ಬರುವವರು. ವಾದಕ್ಕಿಳಿಯಬೇಡಿ, ಗುರುತಿನ ಚೀಟಿ ತೋರಿಸುವ ಅಗತ್ಯವೂ ಇಲ್ಲ, ಅವರು ಪೊಲೀಸರಲ್ಲ. ಎಲ್ಲರೂ ಒಟ್ಟಾಗಿ ಬೆಳಕಿರುವ, ಅಂಗಡಿ ಇರುವ ಕಡೆಗೆ ನಡೆಯುತ್ತ 112 ಒತ್ತಿ, ಸ್ಪೀಕರ್‌ನಲ್ಲಿ ಇಟ್ಟು ಜಾಗದ ಹೆಸರು ಗಟ್ಟಿಯಾಗಿ ಹೇಳಿ. ಗೋಕರ್ಣದ ಕುಡ್ಲೆ, ಓಂ ಬೀಚುಗಳ ಕಡೆ ಕತ್ತಲಾದ ಮೇಲೆ ಗುಡ್ಡದ ಕಾಲುದಾರಿ ಹಿಡಿಯುವವರು ಹಗಲಲ್ಲೇ ವಾಪಸ್ ದಾರಿ ನೋಡಿಟ್ಟುಕೊಳ್ಳಿ.

7. ಪೆಟ್ಟು ಬಿದ್ದೇಬಿಟ್ಟರೆ

ಬಿದ್ದವನ ತಲೆ ಕಾಪಾಡಿ, ಉಳಿದದ್ದೆಲ್ಲ ಆಮೇಲೆ. ಎಷ್ಟೋ ಸಲ ಜೀವ ಹೋಗುವುದು ಗುದ್ದಿನಿಂದಲ್ಲ, ಹಿಂದಕ್ಕೆ ಬಿದ್ದು ತಲೆ ಕಾಂಕ್ರೀಟಿಗೆ ಬಡಿದದ್ದರಿಂದ. ಚಾಕುವೋ ಒಡೆದ ಬಾಟಲಿಯೋ ಹೊರಬಂದರೆ ಬಿಡಿಸಲು ಹೋಗಬೇಡಿ. ಓಡಿ, ಓಡಿಸಿ, 112ಕ್ಕೆ ಕರೆ ಮಾಡಿ. ಚುಚ್ಚಿಕೊಂಡ ವಸ್ತು ಕೀಳಬೇಡಿ, ಸುತ್ತ ಬಟ್ಟೆ ಒತ್ತಿ ಹಿಡಿಯಿರಿ. ಆಂಬುಲೆನ್ಸ್ 108.

ತಲೆಗೆ ಪೆಟ್ಟು ಬಿದ್ದವನು ಎದ್ದು ಕೂತು "ಏನೂ ಆಗ್ಲಿಲ್ಲ" ಎಂದು ನಗಬಹುದು. ನಂಬಬೇಡಿ. ಒಳಗೆ ರಕ್ತ ಸೋರುತ್ತಿದ್ದರೂ ಕೆಲವರು ಮೊದಲ ಕೆಲವು ತಾಸು ಚೆನ್ನಾಗಿಯೇ ಇರುತ್ತಾರೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಕೇಳಿದ್ದನ್ನೇ ಕೇಳುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರಿನಂಥ ದ್ರವ, ಫಿಟ್ಸ್, ಎಬ್ಬಿಸಿದರೂ ಏಳದಿರುವುದು: ಇದರಲ್ಲಿ ಒಂದು ಕಂಡರೂ ಆಸ್ಪತ್ರೆ. "ಕುಡಿದಿದ್ದಾನೆ, ಮಲಗಲಿ ಬಿಡು" ಎಂಬ ಮಾತಿಗೆ ಎಷ್ಟೋ ಮನೆಗಳ ದೀಪ ಆರಿವೆ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ಮನೆ ಅಲ್ಲ. ಮಿದುಳಿನ ಆಪರೇಷನ್ ಎಂದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾದ ಬಾಂಬೋಳಿ ಕಡೆ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು ನೂರು ಕಿ.ಮೀ. ಬೆಳಗಿನ ತನಕ ಕಾಯುವಷ್ಟು ಸಮಯ ನಮಗಿಲ್ಲ.

ಹಲ್ಲು ಪೂರ್ತಿ ಕಿತ್ತು ಬಂದಿದ್ದರೆ ಬೇರು ಮುಟ್ಟದೆ ಎತ್ತಿ ಹಾಲಿನಲ್ಲಿ ಹಾಕಿಕೊಂಡು ತಾಸಿನೊಳಗೆ ದಂತವೈದ್ಯರ ಬಳಿ ಹೋಗಿ, ಕೂಡಿಸುವ ಸಾಧ್ಯತೆ ಇದೆ. ಮುರಿದ ತುಂಡೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ. ನಾವು ಅದನ್ನು ಬಂಗಡೆ ಜೊತೆಗೇ ಬಿಟ್ಟು ಬಂದಿದ್ದೆವು.

ಡಾಕ್ಟರ ಎದುರು "ಬಾತ್‌ರೂಮಲ್ಲಿ ಜಾರಿ ಬಿದ್ದ" ಎಂದು ಸುಳ್ಳು ಹೇಳಬೇಡಿ. ಹೊಡೆದಾಟದ ಗಾಯ ಎಂದರೆ ಅವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಮುಂದೆ ಕೇಸು ಯಾವ ಕಡೆ ತಿರುಗಿದರೂ ನಿಮಗೆ ಆಧಾರ ಅದೇ.

8. ಮನೆ ಮುಟ್ಟುವ ತನಕ

ಬಿಡಿಸಿದಿರಿ, ಗಾಡಿ ಹತ್ತಿಸಿದಿರಿ. ಮುಗಿಯಲಿಲ್ಲ. ಅರ್ಧ ದಾರಿಯಲ್ಲಿ ಸಿಟ್ಟು ಮತ್ತೆ ಏರುತ್ತದೆ: "ತಿರುಗ್ಸು ಗಾಡಿ, ಅವ್ನನ್ನ ಬಿಡೂದಿಲ್ಲ." ಕೀ ನಿಮ್ಮ ಹತ್ತಿರ ಇರುವುದು ಈ ಕ್ಷಣಕ್ಕಾಗಿ. ಅವನನ್ನು ಬೈಕಿನ ಹಿಂದೆ ಕೂರಿಸಬೇಡಿ, ಕಾರಾದರೆ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ. ಬೈಯಲಿ, ಕೇಳಿಸಿಕೊಳ್ಳಿ. ಅವನು ಹೇಳಿದ್ದಕ್ಕೆ "ಹೂಂ" ಅನ್ನುತ್ತ ಗಾಡಿ ಮಾತ್ರ ಮನೆ ಕಡೆಗೇ ಓಡಿಸಿ. ಓಡಿಸುವವನು ಕುಡಿದಿರಲೇಬಾರದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದೇವಿಮನೆ ಘಟ್ಟದ ತಿರುವುಗಳು ದಂಡ ಹಾಕಿ ಬಿಡುವುದಿಲ್ಲ.

ಮನೆಯಲ್ಲಿ ಒಬ್ಬನೇ ಮಲಗದಿರಲಿ. ಅಂಗಾತ ಬೇಡ, ಮಗ್ಗುಲಾಗಿ ಮಲಗಿಸಿ. ವಾಟ್ಸಾಪ್ ಸ್ಟೇಟಸ್ ಹಾಕದ ಹಾಗೆ ಮೊಬೈಲ್ ಎತ್ತಿಡಿ. ರಾತ್ರಿ ಎರಡಕ್ಕೆ ಹಾಕಿದ ಸ್ಟೇಟಸ್ಸಿನಿಂದ ಬೆಳಗ್ಗೆ ಹತ್ತಕ್ಕೆ ಶುರುವಾದ ಜಗಳವನ್ನೂ ಕಂಡಿದ್ದೇನೆ.

9. ಮಾರನೇ ದಿನ

ರಾತ್ರಿ ಮಾಡಿದ್ದರ ಲೆಕ್ಕ ರಾತ್ರಿಯೇ ಕೇಳಬೇಡಿ. ಮಾರನೇ ದಿನ ಮಧ್ಯಾಹ್ನ, ಊಟದ ಮೇಲೆ, ಇಬ್ಬರೇ ಇದ್ದಾಗ ಆದದ್ದನ್ನು ಆದ ಹಾಗೆ ಹೇಳಿ. ಗುಂಪಿನ ಎದುರು ಹೇಳಿದರೆ ಅದೂ ತಮಾಷೆಯಾಗುತ್ತದೆ, ಇಲ್ಲ ಮತ್ತೊಂದು ಜಗಳ. ಪ್ರತಿ ಸಲವೂ ಅವನೇ ಎಂದಾದರೆ, ಕುಡಿತ ಇಲ್ಲದ ದಿನವೂ ಮನೆಯಲ್ಲಿ ಹೀಗೇ ಇದ್ದಾನೆಯೇ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎದುರಿನವನು ನಾಳೆ ಮೀನು ಮಾರ್ಕೆಟ್ಟಿನಲ್ಲೋ, ಯಾರದೋ ಮದುವೆಯಲ್ಲೋ ಸಿಗುತ್ತಾನೆ. ಊರು ಅಷ್ಟೇ ಇರುವುದು. ನಿಮ್ಮವನದೇ ತಪ್ಪಾಗಿದ್ದರೆ ಎರಡೂ ಕಡೆಯ ಹಗ್ಗ ಹಿಡಿದವರು ಮೊದಲು ಫೋನಿನಲ್ಲಿ ಮಾತಾಡಿ ಆಮೇಲೆ ಅವರಿಬ್ಬರನ್ನು ಕೂರಿಸಿ. ಚಹಾ ಕುಡಿಸಿ, ಬೇರೇನೂ ಬೇಡ. ಆದರೆ ಪೊಲೀಸ್ ಕೇಸಾಗಿ ತೀವ್ರ ಗಾಯದ ಸೆಕ್ಷನ್ ಬಿದ್ದಿದ್ದರೆ ಹೋಟೆಲಿನಲ್ಲಿ ಕೂತು ಮಾಡಿಕೊಂಡ ರಾಜಿ ಸಾಲದು, ಅದಕ್ಕೆ ಕೋರ್ಟಿನ ಅನುಮತಿ ಬೇಕು. ವಕೀಲರನ್ನು ಕಾಣಿ.

ನಮ್ಮ ಗುಂಪಿನಲ್ಲಿ ಇನ್ನೊಂದು ನಿಯಮ ತಾನಾಗಿಯೇ ಬಂತು. ಹೋದ ಸಲ ಲುಂಗಿ ಎತ್ತಿ ಕಟ್ಟಿದವನೇ ಮುಂದಿನ ಸಲ ಕೀ ಹಿಡಿಯಬೇಕು. ಹಲ್ಲು ಮುರಿದುಕೊಂಡವನು ಹಾಗೆ ಸತತ ಮೂರು ಸಲ ಕೀ ಹಿಡಿದ. ಮೂರನೇ ಸಲ, ಕುಮಟಾದಲ್ಲಿ, ಸೋಡಾ ಗ್ಲಾಸ್ ಕೆಳಗಿಟ್ಟು ನನ್ನ ಕಡೆ ನೋಡಿ "ಗಾಡಿ ಕೀ ಎಲ್ಲಿ?" ಎಂದ. ನಾನು ಆಗಷ್ಟೇ ಕನ್ನಡಕ ತೆಗೆದು ಕಿಸೆಗೆ ಹಾಕಿದ್ದೆ.